ಗೋದಾಮಿಗೆ ಮೂಟೆ ಸೇರಿಸುವುದು ಹೇಗೆ: ಪೈಥಾನ್‌ನಲ್ಲಿ ಕಂಟೇನರ್ ಮತ್ತು ಕಾಂಪೊನೆಂಟ್ ಆಬ್ಜೆಕ್ಟ್‌ಗಳ ಜೋಡಣೆ

ಕ್ಲಾಸ್ ಬರೆಯಲು ಬರುತ್ತದೆ. ಆಬ್ಜೆಕ್ಟ್ ಮಾಡಲೂ ಬರುತ್ತದೆ. ಆದರೆ ಒಂದು ಆಬ್ಜೆಕ್ಟನ್ನು ಇನ್ನೊಂದರ ಒಳಗೆ ಸೇರಿಸಿ, ಆಮೇಲೆ ತೆಗೆದು ಬೇರೆ ಕಡೆ ಹಾಕುವ ಹೊತ್ತಿಗೆ ಲೆಕ್ಕ ತಪ್ಪುತ್ತದೆ. ಒಂದೇ ವಸ್ತು ಎರಡು ಪಟ್ಟಿಯಲ್ಲಿ ಕಾಣಿಸುತ್ತದೆ. ಇಲ್ಲವೇ ಪಟ್ಟಿಯಲ್ಲಿ ಇದೆ, ಆದರೆ ಆ ವಸ್ತುವನ್ನೇ ಕೇಳಿದರೆ ತಾನು ಎಲ್ಲೂ ಇಲ್ಲ ಅನ್ನುತ್ತದೆ. ಓದುಗರು ಮತ್ತೆ ಮತ್ತೆ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಿರುವುದರಿಂದ ಈ ಕೆಲಸವನ್ನು ಮೊದಲಿಂದ ಕೊನೆಯವರೆಗೆ ಕ್ರಮವಾಗಿ ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಜೋಡಣೆಗೆ ಎರಡು ತುದಿ ಇರುತ್ತವೆ. ಎರಡೂ ತುದಿಯನ್ನು ಒಂದೇ ಮೆಥಡ್‌ನಲ್ಲಿ, ಗೊತ್ತಾದ ಕ್ರಮದಲ್ಲಿ ಕಟ್ಟಬೇಕು. ಒಂದು ತುದಿಯನ್ನು ಒಂದು ಕಡೆ, ಇನ್ನೊಂದನ್ನು ಮತ್ತೊಂದು ಕಡೆ ಕಟ್ಟಿದರೆ ಯಾವತ್ತಾದರೂ ಒಂದು ಬಿಟ್ಟುಹೋಗುತ್ತದೆ. ಮುಂದಿನ ಎಲ್ಲ ಹಂತಗಳೂ ಈ ಮಾತಿನ ಸುತ್ತಲೇ ಇವೆ.

ಉದಾಹರಣೆಗೆ ಅಡಿಕೆ ಗೋದಾಮು ತೆಗೆದುಕೊಳ್ಳೋಣ. ಗೋದಾಮು ಕಂಟೇನರ್. ಒಳಗಿರುವ ಅಡಿಕೆ ಮೂಟೆಗಳು ಕಾಂಪೊನೆಂಟ್. ಶಿರಸಿಯಲ್ಲೊಂದು, ಸಾಗರದಲ್ಲೊಂದು, ಎರಡು ಗೋದಾಮು. ಮೂಟೆಗೆ ಒಂದು ನಂಬರ್, ಬಗೆ (ರಾಶಿ, ಬೆಟ್ಟೆ, ಚಾಲಿ) ಮತ್ತು ತೂಕ. ಮೂಟೆ ಅಲ್ಲಿಂದ ಇಲ್ಲಿಗೆ ಹೋಗುತ್ತದೆ, ಮಾರಾಟವಾಗುತ್ತದೆ, ಒಂದೇ ತೂಕದ ಒಂದೇ ಬಗೆಯ ಮೂಟೆಗಳು ಹತ್ತಾರು ಇರುತ್ತವೆ. ಜೋಡಣೆಯಲ್ಲಿ ಬರುವ ಬಹುತೇಕ ತೊಂದರೆ ಈ ಒಂದು ಉದಾಹರಣೆಯಲ್ಲೇ ಸಿಗುತ್ತವೆ.

## ಏನೇನು ಬೇಕು

ಪೈಥಾನ್ 3.7 ಅಥವಾ ಅದಕ್ಕಿಂತ ಹೊಸದು. ಒಂದು ಎಡಿಟರ್, ಒಂದು ಟರ್ಮಿನಲ್. ಹೊರಗಿನ ಲೈಬ್ರರಿ ಯಾವುದೂ ಬೇಡ. ಕಾಗದ ಮತ್ತು ಪೆನ್ಸಿಲ್ ಮಾತ್ರ ಬೇಕೇ ಬೇಕು, ಏಕೆಂದರೆ ಮೊದಲ ಹಂತ ಕಂಪ್ಯೂಟರ್ ಮೇಲಿನದಲ್ಲ.

ಇಲ್ಲಿ ಕೋಡನ್ನು ಮಾತಿನಲ್ಲಿ ಬಿಡಿಸಿ ಹೇಳಿದ್ದೇನೆ. ಎಡಿಟರ್ ತೆರೆದಿಟ್ಟುಕೊಂಡು ಒಂದೊಂದೇ ಹಂತ ನೀವೇ ಟೈಪ್ ಮಾಡಿ. ಪೈಥಾನ್ 3ರಲ್ಲಿ ಕ್ಲಾಸ್, ಮೆಥಡ್, ವೇರಿಯಬಲ್‌ಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ಮೂಟೆ, ಗೋದಾಮು, ತೂಕ ಎಲ್ಲವೂ ನಡೆಯುತ್ತವೆ. ಒಂದೇ ಎಚ್ಚರಿಕೆ: ಒತ್ತಕ್ಷರ ಆಗದಂತೆ ತಡೆಯಲು ಕೀಬೋರ್ಡ್ ನಡುವೆ ಸೇರಿಸುವ ಕಾಣದ ಅಕ್ಷರ ಇದೆಯಲ್ಲ, ಅದು ಹೆಸರಿನೊಳಗೆ ಬಂದರೆ ಪೈಥಾನ್ ಒಪ್ಪುವುದಿಲ್ಲ. ಹೆಸರು ಸರಿಯಾಗಿಯೇ ಕಾಣುತ್ತಿದ್ದು ಸಿಂಟ್ಯಾಕ್ಸ್ ಎರರ್ ಬಂದರೆ ಮೊದಲು ಅದನ್ನು ಹುಡುಕಿ.

## ಹಂತ 1: ಕಾಗದದ ಮೇಲೆ ಮೂರು ಪ್ರಶ್ನೆ

ಕಂಟೇನರ್ ಹೋದರೆ ಕಾಂಪೊನೆಂಟ್ ಉಳಿಯುತ್ತದಾ? ಗೋದಾಮು ಮುಚ್ಚಿದರೂ ಮೂಟೆ ಇರುತ್ತದೆ, ಬೇರೆ ಕಡೆ ಹೋಗುತ್ತದೆ. ಇದು ಅಗ್ರಿಗೇಷನ್. ಅದೇ ಅಂಗಡಿ ಬಿಲ್ ತೆಗೆದುಕೊಳ್ಳಿ. ಬಿಲ್ ಹರಿದು ಹಾಕಿದರೆ ಅದರೊಳಗಿನ ಸಾಲುಗಳಿಗೆ ಬೇರೆ ಬದುಕಿಲ್ಲ. ಇದು ಕಾಂಪೊಸಿಷನ್. ಯುಎಂಎಲ್ ಚಿತ್ರದಲ್ಲಿ (ಕ್ಲಾಸ್‌ಗಳ ಸಂಬಂಧ ತೋರಿಸುವ ನಕ್ಷೆ) ಮೊದಲನೆಯದಕ್ಕೆ ಖಾಲಿ ವಜ್ರದ ಗುರುತು, ಎರಡನೆಯದಕ್ಕೆ ತುಂಬಿದ ವಜ್ರ.

ಈ ಉತ್ತರದ ಮೇಲೆ ಕೋಡ್ ಬದಲಾಗುತ್ತದೆ. ಅಗ್ರಿಗೇಷನ್ ಆದರೆ ಕಾಂಪೊನೆಂಟನ್ನು ಹೊರಗೆ ಮಾಡಿ ಒಳಗೆ ಕೊಡುತ್ತೀರಿ. ಕಾಂಪೊಸಿಷನ್ ಆದರೆ ಕಂಟೇನರೇ ಅದನ್ನು ಮಾಡಬೇಕು. ಬಿಲ್‌ನ ಮೆಥಡ್‌ಗೆ ವಸ್ತುವಿನ ಹೆಸರು, ದರ ಮತ್ತು ಪ್ರಮಾಣ ಕೊಟ್ಟರೆ ಸಾಲನ್ನು ಬಿಲ್ಲೇ ಹುಟ್ಟಿಸಿ ಇಟ್ಟುಕೊಳ್ಳುತ್ತದೆ.

ಒಂದು ಕಾಂಪೊನೆಂಟ್ ಒಂದೇ ಹೊತ್ತಿಗೆ ಎಷ್ಟು ಕಂಟೇನರ್‌ನಲ್ಲಿ ಇರಬಹುದು? ಮೂಟೆ ಒಂದೇ ಗೋದಾಮಿನಲ್ಲಿ ಇರುತ್ತದೆ. ಇದು ನಿಯಮ. ಇದನ್ನು ದೊಡ್ಡದಾಗಿ ಬರೆದುಕೊಳ್ಳಿ. ನಿಯಮ ಬರೆಯದೇ ಶುರು ಮಾಡಿದರೆ ಅದನ್ನು ಕಾಯುವ ಕೋಡ್ ಕೂಡ ಇರುವುದಿಲ್ಲ.

ಯಾರು ಯಾರನ್ನು ಕೇಳುತ್ತಾರೆ? ಗೋದಾಮು ತನ್ನ ಮೂಟೆಗಳನ್ನು ಕೇಳುತ್ತದೆ, ಸರಿ. ಮೂಟೆ ತನ್ನ ಗೋದಾಮನ್ನು ಕೇಳುತ್ತದಾ? ನಿಜವಾಗಿ ಬೇಕಿಲ್ಲ ಎಂದಾದರೆ ಹಿಂದಿನ ಕೊಂಡಿ, ಅಂದರೆ ಮೂಟೆಯಿಂದ ಗೋದಾಮಿನ ಕಡೆಗಿನ ಕೊಂಡಿ, ಇಡಲೇಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಒಮ್ಮುಖ ಜೋಡಣೆಯಲ್ಲಿ ತಪ್ಪಲು ಜಾಗವೇ ಕಡಿಮೆ. ಮುಂದೆ ಬೇಕಾಗಬಹುದು ಅಂತ ಸುಮ್ನೆ ಎರಡೂ ಕಡೆ ಕೊಂಡಿ ಹಾಕುವವರೇ ಜಾಸ್ತಿ ತೊಂದರೆ ಪಡುತ್ತಾರೆ. ನಮ್ಮ ಉದಾಹರಣೆಯಲ್ಲಿ ಮೂಟೆ ನಂಬರ್ ಹಿಡಿದು ಅದು ಯಾವ ಊರಲ್ಲಿದೆ ಎಂದು ಹೇಳಬೇಕು. ಹಾಗಾಗಿ ಇಮ್ಮುಖ ಬೇಕು.

ಈ ಹಂತದಲ್ಲೇ ಆಗುವ ತಪ್ಪು ಇನ್‌ಹೆರಿಟೆನ್ಸ್ ಹಿಡಿಯುವುದು. ಗೋದಾಮಿನೊಳಗೆ ಮೂಟೆ ಇದೆ ಅಂದಮಾತ್ರಕ್ಕೆ ಮೂಟೆ ಗೋದಾಮಿನ ಒಂದು ಬಗೆ ಆಗುವುದಿಲ್ಲ. ಇನ್ನು ಕೆಲವರು ಗೋದಾಮು ಕ್ಲಾಸನ್ನು ಪೈಥಾನಿನ ಲಿಸ್ಟ್‌ನಿಂದಲೇ ಇನ್‌ಹೆರಿಟ್ ಮಾಡುತ್ತಾರೆ. ಆಗ ಅಪೆಂಡ್, ಇನ್ಸರ್ಟ್, ಎಕ್ಸ್‌ಟೆಂಡ್, ಪ್ಲಸ್ ಗುರುತು ಎಲ್ಲವೂ ಹೊರಗಿನವರ ಕೈಗೆ ಸಿಗುತ್ತವೆ. ಬಾಗಿಲು ಒಂದೇ ಇರಬೇಕಾದ ಕಡೆ ಹತ್ತು ಬಾಗಿಲು ಆಗುತ್ತವೆ. ಒಂದಕ್ಕೆ ಕಾವಲು ಹಾಕಿದರೂ ಉಳಿದವು ತೆರೆದೇ ಇರುತ್ತವೆ.

## ಹಂತ 2: ಮೊದಲು ಮೂಟೆ, ಆಮೇಲೆ ಗೋದಾಮು

ಕಾಂಪೊನೆಂಟ್ ಕ್ಲಾಸನ್ನು ಮೊದಲು ಬರೆಯಿರಿ. ಅದು ಒಂಟಿಯಾಗಿ ಬದುಕಬಲ್ಲದು, ಒಂಟಿಯಾಗಿಯೇ ಟೆಸ್ಟ್ ಮಾಡಬಹುದು.

ಮೂಟೆಯ ಇನಿಟ್ ಮೆಥಡ್ (__init__, ಆಬ್ಜೆಕ್ಟ್ ಹುಟ್ಟುವಾಗ ತಾನಾಗಿಯೇ ಓಡುವ ಮೆಥಡ್) ಮೂರು ಮಾಹಿತಿ ತೆಗೆದುಕೊಳ್ಳಲಿ: ನಂಬರ್, ಬಗೆ, ತೂಕ. ತೂಕ ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ವ್ಯಾಲ್ಯೂ ಎರರ್ ಎಬ್ಬಿಸಲಿ. ಕೊನೆಯಲ್ಲಿ ಗೋದಾಮು ಎಂಬ ಫೀಲ್ಡ್‌ಗೆ ಖಾಲಿ ಬೆಲೆ (None) ಹಾಕಲಿ. ಆ ಫೀಲ್ಡ್ ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಇರಲಿ. ಅಂಡರ್‌ಸ್ಕೋರ್ ಇದ್ದಮಾತ್ರಕ್ಕೆ ಪೈಥಾನ್ ಯಾರನ್ನೂ ತಡೆಯುವುದಿಲ್ಲ. ಅದು 'ಹೊರಗಿನವರು ಮುಟ್ಟಬೇಡಿ' ಎಂಬ ಒಪ್ಪಂದ ಅಷ್ಟೆ. ಹೊರಗಿನಿಂದ ಓದಲು 'ಜಾಗ' ಎಂಬ ಪ್ರಾಪರ್ಟಿ (ಫೀಲ್ಡಿನಂತೆ ಓದಬಹುದಾದ ಮೆಥಡ್) ಕೊಡಿ. ಬರೆಯಲು ಕೊಡಬೇಡಿ. ನಂಬರನ್ನೂ ಹೀಗೆಯೇ ಓದಲು ಮಾತ್ರ ಕೊಡಿ. ಕಾರಣ ಹಂತ 5ರಲ್ಲಿ ತಿಳಿಯುತ್ತದೆ.

ಇಲ್ಲಿ ಬಹಳ ಜನ ಮಾಡುವ ತಪ್ಪು ಒಂದಿದೆ. ಮೂಟೆಯ ಇನಿಟ್‌ಗೇ ಗೋದಾಮನ್ನು ಕೊಟ್ಟು, ಮೊದಲ ಸಾಲಲ್ಲೇ ಮೂಟೆ ತನ್ನನ್ನು ತಾನೇ ಗೋದಾಮಿನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ನೋಡಲು ಚಂದ, ಒಂದು ಸಾಲು ಉಳಿಯುತ್ತದೆ. ಆದರೆ ಅದರ ಮುಂದಿನ ಸಾಲಲ್ಲಿ ತೂಕದ ಪರೀಕ್ಷೆ ಸೋತರೆ? ಎರರ್ ಬಂತು, ಮೂಟೆ ಹುಟ್ಟಲಿಲ್ಲ ಎಂದು ನೀವು ಅಂದುಕೊಳ್ಳುತ್ತೀರಿ. ಪಟ್ಟಿಯೊಳಗೆ ಮಾತ್ರ ತೂಕವೇ ಇಲ್ಲದ ಅರ್ಧ ಮೂಟೆ ಕೂತಿರುತ್ತದೆ. ಆಮೇಲೆ ಒಟ್ಟು ತೂಕ ಕೂಡುವಾಗ ಆಟ್ರಿಬ್ಯೂಟ್ ಎರರ್ ಬರುತ್ತದೆ, ಮೂಲ ಎಲ್ಲೋ ಇರುತ್ತದೆ. ಪೂರ್ತಿ ಕಟ್ಟಿ ಮುಗಿಯುವ ಮೊದಲು ಯಾವ ಆಬ್ಜೆಕ್ಟೂ ತನ್ನನ್ನು ಇನ್ನೊಬ್ಬರ ಕೈಗೆ ಕೊಡಬಾರದು.

## ಹಂತ 3: ಗೋದಾಮಿನ ಕ್ಲಾಸ್, ಒಳಗೆ ಖಾಲಿ ಸಂಗ್ರಹ

ಗೋದಾಮಿನ ಇನಿಟ್ ಊರಿನ ಹೆಸರು ಮತ್ತು ಎಷ್ಟು ಕೆಜಿ ಹಿಡಿಯುತ್ತದೆ ಎಂಬ ಮಿತಿ ತೆಗೆದುಕೊಳ್ಳಲಿ. ಮೂಟೆಗಳ ಸಂಗ್ರಹವನ್ನು ಇನಿಟ್ ಒಳಗೇ, ಸೆಲ್ಫ್ ಮೇಲೆ, ಹೊಸದಾಗಿ ಹುಟ್ಟಿಸಿ. ಎಲ್ಲ ಓದುಗರನ್ನೂ ಕಾಡುವ ಎರಡು ಬಲೆ ಇರುವುದು ಇಲ್ಲೇ.

ಬಲೆ ಒಂದು. ಸಂಗ್ರಹವನ್ನು ಇನಿಟ್ ಹೊರಗೆ, ಕ್ಲಾಸ್ ಹೆಸರಿನ ಕೆಳಗೇ ಬರೆಯುವುದು. ಆಗ ಅದು ಕ್ಲಾಸಿಗೆ ಸೇರಿದ್ದು, ಆಬ್ಜೆಕ್ಟಿಗೆ ಅಲ್ಲ. ಶಿರಸಿಗೆ ಒಂದು ಮೂಟೆ ಹಾಕಿದರೆ ಸಾಗರದಲ್ಲೂ ಕಾಣಿಸುತ್ತದೆ, ಏಕೆಂದರೆ ಇಬ್ಬರೂ ನೋಡುತ್ತಿರುವುದು ಒಂದೇ ಪಟ್ಟಿಯನ್ನು.

ಬಲೆ ಎರಡು. ಇನಿಟ್‌ನ ಪ್ಯಾರಾಮೀಟರ್‌ಗೆ ಡಿಫಾಲ್ಟ್ ಆಗಿ ಖಾಲಿ ಪಟ್ಟಿ ಕೊಡುವುದು. ಪ್ರತಿ ಸಲ ಹೊಸ ಪಟ್ಟಿ ಬರುತ್ತದೆ ಅಂತ ಅನಿಸುತ್ತದೆ ಅಲ್ವಾ? ಬರುವುದಿಲ್ಲ. ಪೈಥಾನ್ ಡಿಫಾಲ್ಟ್ ಬೆಲೆಯನ್ನು ಫಂಕ್ಷನ್ ಹುಟ್ಟುವಾಗ ಒಂದೇ ಸಲ ಲೆಕ್ಕ ಹಾಕಿ ಇಟ್ಟುಕೊಳ್ಳುತ್ತದೆ. ಆಮೇಲೆ ಮಾಡಿದ ಎಲ್ಲ ಗೋದಾಮುಗಳೂ ಆ ಒಂದೇ ಪಟ್ಟಿಯನ್ನು ಹಂಚಿಕೊಳ್ಳುತ್ತವೆ. ಪ್ಯಾರಾಮೀಟರ್ ಬೇಕೇ ಇದ್ದರೆ ಡಿಫಾಲ್ಟ್ ಆಗಿ ಖಾಲಿ ಬೆಲೆ ಕೊಟ್ಟು, ಒಳಗೆ ಪರೀಕ್ಷಿಸಿ ಹೊಸ ಪಟ್ಟಿ ಮಾಡಿ.

ಗುರುತು ಹಿಡಿಯುವುದು ಸುಲಭ. ಎರಡು ಹೊಸ ಗೋದಾಮು ಮಾಡಿ, ಎರಡರ ಸಂಗ್ರಹವನ್ನೂ 'ಇಸ್' ಎಂಬ ಪದದಿಂದ ಹೋಲಿಸಿ. ನಿಜ ಎಂದು ಬಂದರೆ ಬಲೆಗೆ ಬಿದ್ದಿದ್ದೀರಿ. ಡೇಟಾಕ್ಲಾಸ್ (ಫೀಲ್ಡ್‌ಗಳನ್ನು ಹೇಳಿದರೆ ಇನಿಟ್, ಹೋಲಿಕೆ ಮುಂತಾದವನ್ನು ತಾನೇ ಬರೆದುಕೊಳ್ಳುವ ಕ್ಲಾಸ್) ಬಳಸುವವರಿಗೆ ಒಂದು ಅನುಕೂಲ ಇದೆ: ಅಲ್ಲಿ ಡಿಫಾಲ್ಟ್ ಆಗಿ ಪಟ್ಟಿ ಕೊಟ್ಟರೆ ಪೈಥಾನೇ ವ್ಯಾಲ್ಯೂ ಎರರ್ ಎಬ್ಬಿಸಿ ಡಿಫಾಲ್ಟ್ ಫ್ಯಾಕ್ಟರಿ (ಪ್ರತಿ ಸಲ ಹೊಸ ಪಟ್ಟಿ ಮಾಡಿಕೊಡುವ ಫಂಕ್ಷನ್) ಬಳಸು ಅನ್ನುತ್ತದೆ.

ಸಂಗ್ರಹ ಲಿಸ್ಟ್ ಆಗಿರಬೇಕಾ, ಡಿಕ್ಷನರಿ ಆಗಿರಬೇಕಾ? ಕಾಂಪೊನೆಂಟ್‌ಗೆ ತನ್ನದೇ ಆದ ನಂಬರ್ ಇದ್ದರೆ ಡಿಕ್ಷನರಿ ಮಾಡಿ. ನಂಬರ್ ಕೀ, ಮೂಟೆ ಅದರ ಬೆಲೆ (ವ್ಯಾಲ್ಯೂ). ಪೈಥಾನ್ 3.7ರಿಂದ ಡಿಕ್ಷನರಿ ಕೂಡ ಸೇರಿಸಿದ ಕ್ರಮವನ್ನು ಉಳಿಸಿಕೊಳ್ಳುತ್ತದೆ. ಹಾಗಾಗಿ ಕ್ರಮಕ್ಕಾಗಿ ಲಿಸ್ಟ್ ಹಿಡಿಯುವ ಅಗತ್ಯ ಇಲ್ಲ. ಮುಂದೆ ನಾನು ಡಿಕ್ಷನರಿಯನ್ನೇ ಇಟ್ಟುಕೊಂಡು ಹೇಳುತ್ತೇನೆ.

## ಹಂತ 4: ಸೇರಿಸುವ ಮೆಥಡ್, ಕ್ರಮ ತಪ್ಪಬಾರದು

ಈ ಮಾರ್ಗದರ್ಶಿಯ ಹೃದಯ ಇದೇ ಹಂತ. ಇಲ್ಲಿ ಅವಸರ ಬೇಡ.

ಗೋದಾಮಿನಲ್ಲಿ 'ಸೇರಿಸು' ಎಂಬ ಮೆಥಡ್ ಬರೆಯಿರಿ. ಅದರೊಳಗಿನ ಕ್ರಮ ಹೀಗಿರಲಿ:

1. ಬಂದದ್ದು ನಿಜವಾಗಿ ಮೂಟೆಯೇ ಎಂದು ನೋಡಿ. ಅಲ್ಲದಿದ್ದರೆ ಟೈಪ್ ಎರರ್.
2. ಮೂಟೆ ಆಗಲೇ ಇದೇ ಗೋದಾಮಿನಲ್ಲಿದ್ದರೆ ಏನೂ ಮಾಡದೆ ಹಿಂದಿರುಗಿ.
3. ಬೇರೆ ಗೋದಾಮಿನಲ್ಲಿದ್ದರೆ ಎರರ್ ಎಬ್ಬಿಸಿ.
4. ಇದೇ ನಂಬರಿನ ಇನ್ನೊಂದು ಮೂಟೆ ಇಲ್ಲಿದ್ದರೆ ಎರರ್ ಎಬ್ಬಿಸಿ.
5. ಈಗಿನ ಒಟ್ಟು ತೂಕಕ್ಕೆ ಇದನ್ನು ಕೂಡಿದರೆ ಮಿತಿ ದಾಟುತ್ತದಾ ನೋಡಿ. ದಾಟಿದರೆ ಎರರ್.
6. ಈಗ ಡಿಕ್ಷನರಿಗೆ ಹಾಕಿ.
7. ಕೂಡಲೇ ಮುಂದಿನ ಸಾಲಿನಲ್ಲಿ ಮೂಟೆಯ ಗೋದಾಮು ಫೀಲ್ಡ್‌ಗೆ ಸೆಲ್ಫ್ ಹಾಕಿ.

ಸೋಲಬಹುದಾದ ಕೆಲಸ ಎಲ್ಲವೂ ಮೇಲೆ, ಬದಲಾವಣೆ ಮಾಡುವ ಕೆಲಸ ಎರಡೇ ಸಾಲು, ಅದೂ ಕೊನೆಯಲ್ಲಿ. ಆ ಎರಡು ಸಾಲಿನ ನಡುವೆ ಪ್ರಿಂಟ್ ಆಗಲಿ, ಲಾಗ್ ಆಗಲಿ, ಫೈಲ್ ಬರೆಯುವುದಾಗಲಿ ಏನೂ ಬರಬಾರದು. ನಡುವೆ ಎರರ್ ಬಂದರೆ ಒಂದು ತುದಿ ಕಟ್ಟಿದ್ದು ಒಂದು ತುದಿ ಬಿಚ್ಚಿದ್ದು ಆಗುತ್ತದೆ. ಲಾಗ್ ಬೇಕಿದ್ದರೆ ಎರಡೂ ಮುಗಿದ ಮೇಲೆ ಬರೆಯಿರಿ.

ಮೂರನೆಯ ಸಾಲಿನ ಬಗ್ಗೆ ಬೇರೆ ಅಭಿಪ್ರಾಯ ಇರುವವರಿದ್ದಾರೆ. ಬೇರೆ ಕಡೆ ಇದ್ದರೆ ಅಲ್ಲಿಂದ ತೆಗೆದು ಇಲ್ಲಿ ಹಾಕಿಬಿಡಲಿ, ಎರರ್ ಯಾಕೆ ಎನ್ನುತ್ತಾರೆ. ಪರದೆಯ ಮೇಲಿನ ಬಟನ್‌ಗಳಿಗೆ ಅದು ಸರಿ ಇರಬಹುದು. ಲೆಕ್ಕದ ವಸ್ತುಗಳಿಗೆ ಸರಿಯಲ್ಲ. ತಪ್ಪು ನಂಬರ್ ಟೈಪ್ ಮಾಡಿದರೆ ಸಾಗರದ ಮೂಟೆ ಸದ್ದಿಲ್ಲದೆ ಶಿರಸಿಗೆ ಬಂದುಬಿಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಸಾಗಿಸಲು ಬೇರೆ ಮೆಥಡ್ ಇಡಿ.

### ಸಾಗಿಸುವ ಮೆಥಡ್

'ಸಾಗಿಸು' ಎಂಬುದು ಮೂಟೆ ಮತ್ತು ಗುರಿ ಗೋದಾಮನ್ನು ತೆಗೆದುಕೊಳ್ಳಲಿ. ಗುರಿ ತಾನೇ ಆಗಿದ್ದರೆ ಮೊದಲೇ ಹಿಂದಿರುಗಿ. ಇದನ್ನು ಬಿಟ್ಟರೆ, ತುಂಬಿದ ಗೋದಾಮಿನ ಮೂಟೆಯನ್ನು ಅದೇ ಗೋದಾಮಿಗೆ ಸಾಗಿಸು ಎಂದಾಗ ಜಾಗ ಇಲ್ಲ ಎಂಬ ಸುಳ್ಳು ಎರರ್ ಬರುತ್ತದೆ. ಆಮೇಲೆ ಮೂಟೆ ತನ್ನಲ್ಲಿದೆಯಾ ನೋಡಿ. ನಂತರ ಗುರಿಯಲ್ಲಿ ಜಾಗ ಇದೆಯಾ, ನಂಬರ್ ಘರ್ಷಣೆ ಇದೆಯಾ ನೋಡಿ. ಇದೆಲ್ಲ ಸರಿ ಇದ್ದರೆ ಮಾತ್ರ ಇಲ್ಲಿಂದ ತೆಗೆದು ಅಲ್ಲಿಗೆ ಸೇರಿಸಿ.

ತೆಗೆಯುವ ಮೊದಲೇ ಗುರಿಯನ್ನು ಪರೀಕ್ಷಿಸಬೇಕು. ಮೊದಲು ತೆಗೆದು, ಆಮೇಲೆ ಅಲ್ಲಿ ಜಾಗ ಇಲ್ಲ ಎಂದು ತಿಳಿದರೆ ಮೂಟೆ ಎರಡೂ ಕಡೆ ಇಲ್ಲದಂತಾಗುತ್ತದೆ. ಜಾಗ ಮತ್ತು ನಂಬರ್ ಪರೀಕ್ಷೆಯನ್ನು ಪ್ರತ್ಯೇಕ ಸಣ್ಣ ಮೆಥಡ್ ಮಾಡಿ, 'ಸೇರಿಸು' ಮತ್ತು 'ಸಾಗಿಸು' ಎರಡೂ ಅದನ್ನೇ ಕರೆಯಲಿ. ಒಂದೇ ಪರೀಕ್ಷೆಯನ್ನು ಎರಡು ಕಡೆ ಬರೆದರೆ ನಾಳೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುತ್ತೀರಿ.

### ಇಬ್ಬರೂ ಒಬ್ಬರನ್ನೊಬ್ಬರು ಕರೆಯುವ ಸುಳಿ

ಗೋದಾಮಿಗೆ ಮೂಟೆ ಸೇರಿಸಿದಾಗ ಮೂಟೆಯ ಸೆಟ್ಟರ್ (ಫೀಲ್ಡ್‌ಗೆ ಬೆಲೆ ಹಾಕುವ ಮೆಥಡ್) ಕರೆಯುತ್ತೀರಿ. ಮೂಟೆಯ ಸೆಟ್ಟರ್ ಒಳಗೆ ಗೋದಾಮಿನ 'ಸೇರಿಸು' ಕರೆದಿದ್ದೀರಿ. ಅದು ಮತ್ತೆ ಸೆಟ್ಟರ್ ಕರೆಯುತ್ತದೆ. ಪೈಥಾನಿನ ಸಾಮಾನ್ಯ ಮಿತಿ ಒಂದರೊಳಗೊಂದು 1000 ಕರೆ. ಅಲ್ಲಿಗೆ ರಿಕರ್ಷನ್ ಎರರ್ ಬಂದು ನಿಲ್ಲುತ್ತದೆ. ಇದು ಬಂದಾಗ ಮಿತಿ ಏರಿಸಲು ಹೋಗಬೇಡಿ, ಅದು ಪರಿಹಾರ ಅಲ್ಲ. ಜೋಡಿಸುವ ಕೆಲಸ ಒಬ್ಬರದ್ದೇ ಆಗಿರಲಿ. ನಮ್ಮಲ್ಲಿ ಅದು ಗೋದಾಮಿನ ಕೆಲಸ. ಮೂಟೆಗೆ ಸೆಟ್ಟರೇ ಇಲ್ಲ, ಬರೀ ಫೀಲ್ಡ್ ಇದೆ.

### ಟಿಕಿಂಟರ್ ಬಳಸುವವರಿಗೆ

ಪೈಥಾನಿನ ಕಿಟಕಿ-ಬಟನ್ ಲೈಬ್ರರಿ ಟಿಕಿಂಟರ್‌ನಲ್ಲಿ ಬಟನ್ ಮಾಡುವಾಗಲೇ ಅದರ ಫ್ರೇಮನ್ನು (ಬಟನ್ ಕೂರುವ ಚೌಕಟ್ಟು) ಕೊಡುತ್ತೇವೆ. ಹಂತ 2ರಲ್ಲಿ ನಾನು ಹೇಳಿದ್ದಕ್ಕೆ ಇದು ವಿರುದ್ಧ ಅನಿಸಬಹುದು. ಆದರೆ ಅಲ್ಲಿ ಇರುವುದು ಕಾಂಪೊಸಿಷನ್. ಫ್ರೇಮ್ ನಾಶವಾದರೆ ಒಳಗಿನ ಬಟನ್‌ಗಳೂ ನಾಶವಾಗುತ್ತವೆ, ಯಜಮಾನನಿಲ್ಲದ ಬಟನ್ ಇರುವುದೇ ಇಲ್ಲ. ಗಮನಿಸಿ: ಫ್ರೇಮ್ ಕೊಟ್ಟರೆ ಜೋಡಣೆ ಆಯಿತು, ಆದರೆ ಪ್ಯಾಕ್ ಅಥವಾ ಗ್ರಿಡ್ ಕರೆಯುವವರೆಗೆ ಬಟನ್ ಪರದೆಯ ಮೇಲೆ ಕಾಣಿಸುವುದಿಲ್ಲ. ಮತ್ತೊಂದು ವಿಷಯ, ಬಟನ್ ಮಾಡುವುದು ಮತ್ತು ಪ್ಯಾಕ್ ಕರೆಯುವುದನ್ನು ಒಂದೇ ಸಾಲಲ್ಲಿ ಬರೆದು ವೇರಿಯಬಲ್‌ನಲ್ಲಿಟ್ಟರೆ ಒಳಗೆ ಬಟನ್ ಇರುವುದಿಲ್ಲ, ಖಾಲಿ ಬೆಲೆ ಇರುತ್ತದೆ. ಪ್ಯಾಕ್ ಏನನ್ನೂ ಹಿಂದಿರುಗಿಸುವುದಿಲ್ಲ. ಎರಡು ಸಾಲಾಗಿ ಬರೆಯಿರಿ.

## ಹಂತ 5: ತೆಗೆಯುವ ಮೆಥಡ್

ಕ್ರಮ ಚಿಕ್ಕದು. ಮೂಟೆಯ ಜಾಗ ಈ ಗೋದಾಮೇ ಹೌದಾ ನೋಡಿ, ಅಲ್ಲದಿದ್ದರೆ ಎರರ್. ಡಿಕ್ಷನರಿಯಿಂದ ಅದರ ನಂಬರ್ ತೆಗೆಯಿರಿ. ಮುಂದಿನ ಸಾಲಲ್ಲೇ ಮೂಟೆಯ ಗೋದಾಮು ಫೀಲ್ಡ್ ಖಾಲಿ ಮಾಡಿ. ಈ ಕೊನೆಯ ಸಾಲನ್ನೇ ಜನ ಮರೆಯುವುದು. ಮರೆತರೆ ಮಾರಿದ ಮೂಟೆಯನ್ನು ಕೇಳಿದರೂ ಅದು ಶಿರಸಿಯಲ್ಲೇ ಇದ್ದೇನೆ ಅನ್ನುತ್ತದೆ, ಮತ್ತೆ ಯಾವ ಗೋದಾಮಿಗೂ ಸೇರಿಸಲು ಆಗುವುದಿಲ್ಲ.

ನಂಬರನ್ನು ಓದಲು ಮಾತ್ರ ಕೊಡಿ ಎಂದದ್ದು ಇದಕ್ಕೇ. ಒಳಗೆ ಸೇರಿದ ಮೇಲೆ ಮೂಟೆಯ ನಂಬರ್ ಬದಲಾದರೆ ಡಿಕ್ಷನರಿಯಲ್ಲಿ ಹಳೆಯ ನಂಬರ್ ಉಳಿಯುತ್ತದೆ. ತೆಗೆಯಲು ಹೋದರೆ ಕೀ ಎರರ್.

ಲಿಸ್ಟ್ ಬಳಸಿದವರು ಇಲ್ಲಿ ಒಂದು ಆಳವಾದ ಗುಂಡಿಗೆ ಬೀಳುತ್ತಾರೆ. ಲಿಸ್ಟ್‌ನ ರಿಮೂವ್ ಮೆಥಡ್ ಅದೇ ಆಬ್ಜೆಕ್ಟನ್ನು ಹುಡುಕುವುದಿಲ್ಲ, ಸಮಾನವಾದ ಮೊದಲ ಆಬ್ಜೆಕ್ಟನ್ನು ತೆಗೆಯುತ್ತದೆ. ಬಗೆ ಮತ್ತು ತೂಕ ಒಂದೇ ಇದ್ದರೆ ಸಮಾನ ಎಂದು ನೀವು ಹೋಲಿಕೆ ಬರೆದಿದ್ದೀರಿ ಎಂದುಕೊಳ್ಳಿ. 65 ಕೆಜಿಯ ರಾಶಿ ಮೂಟೆಗಳು ಹತ್ತು ಇವೆ. ಏಳನೆಯದನ್ನು ತೆಗೆಯಿರಿ ಎಂದರೆ ಮೊದಲನೆಯದು ಹೋಗುತ್ತದೆ. ಎರರ್ ಇಲ್ಲ, ಎಣಿಕೆ ಸರಿ, ಒಟ್ಟು ತೂಕವೂ ಸರಿ. ತಪ್ಪು ಮೂಟೆ ಹೋಗಿದೆ ಅಷ್ಟೆ. ಡೇಟಾಕ್ಲಾಸ್ ಹೋಲಿಕೆಯನ್ನು ತಾನಾಗಿಯೇ ಬರೆಯುವುದರಿಂದ, ನಂಬರ್ ಫೀಲ್ಡ್ ಇಲ್ಲದ ಡೇಟಾಕ್ಲಾಸ್‌ಗಳಲ್ಲಿ ಇದು ಸದಾ ಕಾದಿರುತ್ತದೆ. ಗುರುತು ಮುಖ್ಯವಾದ ವಸ್ತುಗಳಿಗೆ ಡೇಟಾಕ್ಲಾಸ್‌ನ ಹೋಲಿಕೆಯನ್ನು ಆಫ್ ಮಾಡಿ.

ಇನ್ನೊಂದು, ಸುತ್ತುತ್ತಲೇ ತೆಗೆಯುವುದು. ನಾಲ್ಕು ಮೂಟೆಯ ಲಿಸ್ಟನ್ನು ಫಾರ್ ಲೂಪಿನಲ್ಲಿ ಸುತ್ತುತ್ತಾ ಒಂದೊಂದನ್ನೇ ಅದೇ ಲಿಸ್ಟಿನಿಂದ ತೆಗೆದರೆ ಕೊನೆಗೆ ಎರಡು ಉಳಿಯುತ್ತವೆ. ಒಂದು ತೆಗೆದಾಗ ಉಳಿದವು ಮುಂದಕ್ಕೆ ಸರಿಯುತ್ತವೆ, ಲೂಪ್ ಮಾತ್ರ ಮುಂದಿನ ಸ್ಥಾನಕ್ಕೆ ಹೋಗುತ್ತದೆ. ಹಾಗಾಗಿ ಒಂದು ಬಿಟ್ಟು ಒಂದು ತಪ್ಪಿಹೋಗುತ್ತದೆ. ಡಿಕ್ಷನರಿಯಲ್ಲಿ ಹೀಗೆ ಮಾಡಿದರೆ ಸುತ್ತುವಾಗ ಗಾತ್ರ ಬದಲಾಯಿತು ಎಂದು ರನ್‌ಟೈಮ್ ಎರರ್ ಬರುತ್ತದೆ. ಕೂಗಿ ಹೇಳುವ ಎರರ್ ಯಾವತ್ತೂ ಒಳ್ಳೆಯದು. ಎರಡಕ್ಕೂ ಪರಿಹಾರ ಒಂದೇ: ಮೊದಲು ನಕಲು ಪಟ್ಟಿ ಮಾಡಿ ಅದನ್ನು ಸುತ್ತಿ.

## ಹಂತ 6: ಒಳಗಿನ ಸಂಗ್ರಹವನ್ನು ಹೊರಗೆ ಕೊಡಬೇಡಿ

ಇಷ್ಟೆಲ್ಲ ಕಾವಲು ಹಾಕಿ, ಕೊನೆಗೆ 'ಮೂಟೆಗಳು' ಎಂಬ ಪ್ರಾಪರ್ಟಿಯಿಂದ ಡಿಕ್ಷನರಿಯನ್ನೇ ಹಿಂದಿರುಗಿಸಿದರೆ ಎಲ್ಲ ಕೆಲಸ ನೀರುಪಾಲು. ಯಾರೋ ಅದಕ್ಕೆ ನೇರವಾಗಿ ಮೂಟೆ ಹಾಕುತ್ತಾರೆ, ಮಿತಿಯ ಪರೀಕ್ಷೆ ಇಲ್ಲ, ಹಿಂದಿನ ಕೊಂಡಿ ಇಲ್ಲ. ಒಳಗಿನ ಬೆಲೆಗಳಿಂದ ಒಂದು ಟ್ಯೂಪಲ್ ಮಾಡಿ ಅದನ್ನು ಕೊಡಿ. ನೋಡಬಹುದು, ಸುತ್ತಬಹುದು, ಬದಲಿಸಲು ಆಗುವುದಿಲ್ಲ.

ಒಟ್ಟು ತೂಕವನ್ನು ಪ್ರತ್ಯೇಕ ಫೀಲ್ಡ್‌ನಲ್ಲಿ ಕೂಡಿಡಬೇಡಿ. ಕೇಳಿದಾಗಲೆಲ್ಲ ಮೂಟೆಗಳನ್ನು ಸುತ್ತಿ ಕೂಡಿ. ಕೂಡಿಟ್ಟ ಮೊತ್ತ ಮತ್ತು ನಿಜವಾದ ಮೊತ್ತ ಒಂದು ದಿನ ಬೇರೆಯಾಗುತ್ತವೆ, ಆಗ ಯಾವುದನ್ನು ನಂಬಬೇಕು? ಸಾವಿರಾರು ಮೂಟೆ ಇದ್ದು ನಿಧಾನ ಎಂದು ಅಳೆದು ನೋಡಿ ಗೊತ್ತಾದ ಮೇಲೆ ಬೇರೆ ದಾರಿ ಯೋಚಿಸಿದರೆ ಸಾಕು.

## ಹಂತ 7: ಹಿಂದಿನ ಕೊಂಡಿ ಗಟ್ಟಿಯಾ, ಸಡಿಲವಾ

ಗೋದಾಮು ಮೂಟೆಯನ್ನು ಹಿಡಿದಿದೆ, ಮೂಟೆ ಗೋದಾಮನ್ನು ಹಿಡಿದಿದೆ. ನಾವು ಸಾಮಾನ್ಯವಾಗಿ ಬಳಸುವ ಸಿಪೈಥಾನ್ ಒಂದು ಆಬ್ಜೆಕ್ಟನ್ನು ಎಷ್ಟು ಜನ ಹಿಡಿದಿದ್ದಾರೆ ಎಂದು ಎಣಿಸುತ್ತದೆ. ಎಣಿಕೆ ಸೊನ್ನೆಯಾದರೆ ಕೂಡಲೇ ಅಳಿಸುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದರೆ ಸೊನ್ನೆ ಆಗುವುದಿಲ್ಲ. ಇಂಥ ಸುತ್ತುಗಳನ್ನು ಹುಡುಕಿ ಅಳಿಸಲು ಪೈಥಾನ್‌ನಲ್ಲಿ ಬೇರೆ ವ್ಯವಸ್ಥೆ ಇದೆ, ಅದು ಆಗಾಗ ತಾನಾಗಿಯೇ ಓಡುತ್ತದೆ. ಹಾಗಾಗಿ ಸಾಮಾನ್ಯ ಪ್ರೋಗ್ರಾಂಗೆ ಮಾಮೂಲಿ ರೆಫರೆನ್ಸ್ (ಗಟ್ಟಿ ಕೊಂಡಿ) ಸಾಕು.

ದೊಡ್ಡ ಚಿತ್ರಗಳು, ತೆರೆದ ಫೈಲ್‌ಗಳು ಇಂಥದ್ದನ್ನು ಹಿಡಿದ ಕಂಟೇನರ್ ಆದರೆ ವೀಕ್‌ರೆಫ್ ಮಾಡ್ಯೂಲ್ ಬಳಸಿ. ಮೂಟೆಯ ಫೀಲ್ಡ್‌ನಲ್ಲಿ ಗೋದಾಮಿನ ಬದಲು ಅದರ ಸಡಿಲ ರೆಫರೆನ್ಸ್ (ಆ ಎಣಿಕೆಗೆ ಸೇರದ ಕೊಂಡಿ) ಇಡಿ. ಓದುವಾಗ ಅದನ್ನು ಫಂಕ್ಷನ್‌ನಂತೆ ಕರೆಯಬೇಕು. ಗೋದಾಮು ಬದುಕಿದ್ದರೆ ಅದು ಸಿಗುತ್ತದೆ, ಇಲ್ಲವಾದರೆ ಖಾಲಿ ಬೆಲೆ.

ಎರಡು ಎಚ್ಚರಿಕೆ. ಸಡಿಲ ಕೊಂಡಿ ಕಾಂಪೊನೆಂಟ್‌ನಿಂದ ಕಂಟೇನರ್ ಕಡೆಗೆ ಮಾತ್ರ. ಉಲ್ಟಾ ಹಾಕಿದರೆ ಗೋದಾಮಿನೊಳಗಿನ ಮೂಟೆಗಳೇ ಮಾಯವಾಗುತ್ತವೆ. ಎರಡನೆಯದು, ಗೋದಾಮನ್ನು ವೇರಿಯಬಲ್‌ನಲ್ಲಿ ಇಡದೆ ಒಂದೇ ಸಾಲಲ್ಲಿ ಹುಟ್ಟಿಸಿ 'ಸೇರಿಸು' ಕರೆದರೆ, ಆ ಸಾಲು ಮುಗಿಯುತ್ತಲೇ ಗೋದಾಮು ಅಳಿಯುತ್ತದೆ. ಮೂಟೆಯ ಜಾಗ ಖಾಲಿ ಬರುತ್ತಿದ್ದರೆ ಇದನ್ನು ನೋಡಿ.

ಸಿ ಪ್ಲಸ್ ಪ್ಲಸ್‌ನಲ್ಲಿ ಈ ವಿಷಯ ಇನ್ನೂ ಗಂಭೀರ. ಅಲ್ಲಿ ಎರಡೂ ಕಡೆ ಶೇರ್ಡ್ ಪಾಯಿಂಟರ್ (ಎಣಿಕೆಗೆ ಸೇರುವ ಗಟ್ಟಿ ಕೊಂಡಿ) ಹಾಕಿದರೆ ಸುತ್ತನ್ನು ಬಿಡಿಸಲು ಯಾರೂ ಬರುವುದಿಲ್ಲ, ಮೆಮೊರಿ ಸೋರುತ್ತದೆ. ಹಿಂದಿನ ಕೊಂಡಿಗೆ ವೀಕ್ ಪಾಯಿಂಟರ್ ಹಾಕಲೇಬೇಕು.

## ಹಂತ 8: ಪ್ರಿಂಟ್, ಹೋಲಿಕೆ, ನಕಲು

ಜೋಡಣೆ ಸರಿಯಾಗಿದ್ದೂ ಪ್ರೋಗ್ರಾಂ ಕುಸಿಯುವುದು ಇಲ್ಲಿ.

ಪ್ರಿಂಟ್: ಗೋದಾಮು ತನ್ನ ಮೂಟೆಗಳನ್ನು ಪ್ರಿಂಟ್ ಮಾಡುತ್ತದೆ, ಮೂಟೆ ತನ್ನ ಗೋದಾಮನ್ನು ಪ್ರಿಂಟ್ ಮಾಡುತ್ತದೆ. ಮತ್ತೆ ಅದೇ ರಿಕರ್ಷನ್ ಎರರ್. ಮೂಟೆಯನ್ನು ಪ್ರಿಂಟ್ ಮಾಡಲು ಬಳಸುವ ರೆಪರ್ (__repr__) ಮೆಥಡ್‌ನಲ್ಲಿ ಗೋದಾಮಿನ ಊರಿನ ಹೆಸರು ಮಾತ್ರ ಬರಲಿ.

ಹೋಲಿಕೆ: ಡೇಟಾಕ್ಲಾಸ್ ಪ್ರಿಂಟ್ ಮಾಡುವಾಗ ಈ ಸುತ್ತನ್ನು ಗುರುತಿಸಿ ಮೂರು ಚುಕ್ಕಿ ಹಾಕಿ ನಿಲ್ಲುತ್ತದೆ. ಹೋಲಿಸುವಾಗ ಹಾಗೆ ನಿಲ್ಲುವುದಿಲ್ಲ. ಹಿಂದಿನ ಕೊಂಡಿಯ ಫೀಲ್ಡ್‌ಗೆ ಕಂಪೇರ್ ಬೇಡ, ರೆಪರ್ ಬೇಡ ಎಂದು ಎರಡನ್ನೂ ಆಫ್ ಮಾಡಿ.

ನಕಲು: ಒಂದು ಮೂಟೆಯನ್ನು ಡೀಪ್‌ಕಾಪಿ (ಒಳಗಿರುವುದನ್ನೆಲ್ಲ ಸೇರಿಸಿ ನಕಲು) ಮಾಡಿದರೆ ಒಂದು ಮೂಟೆ ಬರುತ್ತದೆ ಎಂದುಕೊಳ್ಳುತ್ತೀರಿ. ಡೀಪ್‌ಕಾಪಿ ಹಿಂದಿನ ಕೊಂಡಿ ಹಿಡಿದು ಗೋದಾಮಿಗೆ ಹೋಗುತ್ತದೆ, ಅಲ್ಲಿಂದ ಎಲ್ಲ ಮೂಟೆಗಳಿಗೂ ಹೋಗುತ್ತದೆ. ನಿಮ್ಮ ಕೈಗೆ ಬಂದದ್ದು ಒಂದು ಮೂಟೆ, ಅದರ ಹಿಂದೆ ಇಡೀ ನಕಲಿ ಗೋದಾಮು. ಸಾದಾ ಕಾಪಿ ಮಾಡಿದರೆ ಇನ್ನೊಂದು ತೊಂದರೆ: ನಕಲು ಮೂಟೆ ತಾನು ಶಿರಸಿಯಲ್ಲಿದ್ದೇನೆ ಅನ್ನುತ್ತದೆ, ಶಿರಸಿಯ ಪಟ್ಟಿಯಲ್ಲಿ ಅದು ಇರುವುದಿಲ್ಲ. ಮೂಟೆಗೆ ತನ್ನದೇ 'ನಕಲು' ಮೆಥಡ್ ಬರೆದು, ಹೊಸ ನಂಬರ್ ಕೊಟ್ಟು, ಗೋದಾಮು ಖಾಲಿ ಬಿಟ್ಟು ಹಿಂದಿರುಗಿಸಿ.

## ಹಂತ 9: ಪರೀಕ್ಷೆ

ಗೋದಾಮಿನಲ್ಲಿ 'ಸರಿ ಇದೆಯಾ' ಎಂಬ ಚಿಕ್ಕ ಮೆಥಡ್ ಬರೆಯಿರಿ. ತನ್ನೊಳಗಿನ ಪ್ರತಿ ಮೂಟೆಯ ಜಾಗ ತಾನೇ ಹೌದಾ, ಡಿಕ್ಷನರಿಯ ಕೀ ಮೂಟೆಯ ನಂಬರಿಗೆ ಸರಿಹೊಂದುತ್ತದಾ, ಒಟ್ಟು ತೂಕ ಮಿತಿಯೊಳಗಿದೆಯಾ, ಈ ಮೂರು ನೋಡಿದರೆ ಸಾಕು. ಪ್ರತಿ ಟೆಸ್ಟಿನ ಕೊನೆಗೆ ಎರಡೂ ಗೋದಾಮಿನ ಮೇಲೆ ಇದನ್ನು ಕರೆಯಿರಿ.

ಎಲ್ಲರೂ ಗೆಲ್ಲುವ ದಾರಿಯನ್ನು ಟೆಸ್ಟ್ ಮಾಡುತ್ತಾರೆ. ನೀವು ಸೋಲುವ ದಾರಿಯನ್ನು ಟೆಸ್ಟ್ ಮಾಡಿ. ತುಂಬಿದ ಸಾಗರಕ್ಕೆ ಮೂಟೆ ಸಾಗಿಸಿ, ಎರರ್ ಬಂದ ಮೇಲೆ ಮೂಟೆ ಶಿರಸಿಯಲ್ಲೇ ಇದೆಯಾ ನೋಡಿ. ಒಂದೇ ಮೂಟೆಯನ್ನು ಎರಡು ಸಲ ಸೇರಿಸಿ, ಎಣಿಕೆ ಒಂದೇ ಇದೆಯಾ ನೋಡಿ. ಇಲ್ಲದ ಮೂಟೆಯನ್ನು ತೆಗೆಯಿರಿ. ತೆಗೆದದ್ದನ್ನು ಮತ್ತೆ ಸೇರಿಸಿ.

### ಲಕ್ಷಣ ನೋಡಿ ಹಂತ ಹುಡುಕಿ

- ಹೊಸ ಗೋದಾಮಿನಲ್ಲಿ ಆಗಲೇ ಮೂಟೆಗಳಿವೆ: ಹಂತ 3.
- ಒಂದು ಮೂಟೆ ಎರಡು ಗೋದಾಮಿನಲ್ಲಿದೆ: ಹಂತ 4ರ ಮೂರನೆಯ ಸಾಲು ಇಲ್ಲ, ಅಥವಾ ಹಂತ 6ರಲ್ಲಿ ಸಂಗ್ರಹ ಹೊರಗೆ ಹೋಗಿದೆ.
- ಸೇರಿಸಿದ್ದರೂ ಮೂಟೆಯ ಜಾಗ ಖಾಲಿ: ಹಂತ 4ರ ಕೊನೆಯ ಸಾಲು, ಇಲ್ಲವೇ ಹಂತ 7.
- ರಿಕರ್ಷನ್ ಎರರ್: ಸೇರಿಸುವಾಗ ಬಂದರೆ ಹಂತ 4, ಪ್ರಿಂಟ್ ಅಥವಾ ಹೋಲಿಕೆಯಲ್ಲಿ ಬಂದರೆ ಹಂತ 8.
- ತಪ್ಪು ಮೂಟೆ ಹೋಗಿದೆ, ಅಥವಾ ಅರ್ಧದಷ್ಟು ಮಾತ್ರ ಹೋಗಿವೆ: ಹಂತ 5.

## ಹಂತ 10: ಫೈಲಿಗೆ ಉಳಿಸಿ, ಮತ್ತೆ ಕಟ್ಟುವುದು

ಆಬ್ಜೆಕ್ಟಿನ ಒಳಗಿನ ಫೀಲ್ಡ್‌ಗಳನ್ನೆಲ್ಲ ಹಾಗೇ ಜೇಸನ್‌ಗೆ (ಮಾಹಿತಿಯನ್ನು ಪಠ್ಯವಾಗಿ ಬರೆದಿಡುವ ರೂಪ) ಕೊಟ್ಟರೆ ಸುತ್ತು ಸಿಕ್ಕಿತು ಎಂದು ವ್ಯಾಲ್ಯೂ ಎರರ್ ಬರುತ್ತದೆ. ಅದು ಸರಿಯಾದ ಎರರ್, ದೂರಬೇಡಿ. ಹಿಂದಿನ ಕೊಂಡಿಯನ್ನು ಫೈಲಿಗೆ ಬರೆಯುವುದೇ ಬೇಡ. ಗೋದಾಮುಗಳ ಒಂದು ಪಟ್ಟಿ, ಮೂಟೆಗಳ ಒಂದು ಪಟ್ಟಿ ಬರೆಯಿರಿ. ಪ್ರತಿ ಮೂಟೆಯ ಜೊತೆ ಅದರ ಗೋದಾಮಿನ ಹೆಸರು ಮಾತ್ರ ಇರಲಿ. ಒಂದೇ ಊರಲ್ಲಿ ಎರಡು ಗೋದಾಮು ಬರುವ ಸಾಧ್ಯತೆ ಇದ್ದರೆ ಗೋದಾಮಿಗೂ ಒಂದು ನಂಬರ್ ಕೊಡಿ.

ಓದುವಾಗ ಮೊದಲು ಎಲ್ಲ ಗೋದಾಮುಗಳನ್ನು ಖಾಲಿಯಾಗಿ ಹುಟ್ಟಿಸಿ, ಹೆಸರು ಹಿಡಿದು ಸಿಗುವಂತೆ ಒಂದು ಡಿಕ್ಷನರಿಯಲ್ಲಿಡಿ. ಆಮೇಲೆ ಮೂಟೆಗಳನ್ನು ಒಂದೊಂದಾಗಿ ಹುಟ್ಟಿಸಿ ಆಯಾ ಗೋದಾಮಿನ 'ಸೇರಿಸು' ಕರೆಯಿರಿ. ವೇಗಕ್ಕಾಗಿ ನೇರವಾಗಿ ಒಳಗಿನ ಡಿಕ್ಷನರಿಗೆ ತುಂಬಲು ಹೋಗಬೇಡಿ. ಫೈಲನ್ನು ಯಾರೋ ಕೈಯಲ್ಲಿ ತಿದ್ದಿ ಒಂದೇ ನಂಬರನ್ನು ಎರಡು ಸಲ ಬರೆದಿದ್ದರೆ, ಮಿತಿಗಿಂತ ಜಾಸ್ತಿ ತೂಕ ಹಾಕಿದ್ದರೆ, 'ಸೇರಿಸು' ಅದನ್ನು ಅಲ್ಲೇ ಹಿಡಿಯುತ್ತದೆ. ಆ ಎರರ್ ಬಂದಾಗ ಯಾವ ಮೂಟೆ ನಂಬರ್, ಯಾವ ಗೋದಾಮು ಎಂಬುದು ಎರರ್ ಸಂದೇಶದಲ್ಲೇ ಇರುವಂತೆ ಬರೆದಿಡಿ. ತಿದ್ದಬೇಕಾದ ಸಾಲು ಫೈಲಿನಲ್ಲಿ ಕೂಡಲೇ ಸಿಗುತ್ತದೆ.